ಕಾರ್ಬುರೇಟರ್ ಬಿಚ್ಚುವ ಮುಂಚೆ

(ಮೈಸೂರಿನಲ್ಲಿ ಹಳೆ ಬೈಕ್ ಓಡಿಸುವವರ ಕೂಟದಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆ ಗಾಡಿ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಒಂದು ಮಾತು ಖಂಡಿತ ಕೇಳಿಬರುತ್ತದೆ. "ಗಾಡಿ ಮಿಸ್ ಹೊಡೀತಿದೆ, ಕಾರ್ಬುರೇಟರ್ ಬಿಚ್ಚಿಸಬೇಕು." ಸ್ಟಾರ್ಟಿಂಗ್ ಟ್ರಬಲ್ ಇದ್ದರೂ ಕಾರ್ಬುರೇಟರ್. ಪಿಕಪ್ ಇಲ್ಲದಿದ್ದರೂ ಕಾರ್ಬುರೇಟರ್. ಮೈಲೇಜ್ ಬಿದ್ದರಂತೂ ಕೇಳುವುದೇ ಬೇಡ. ಪಾಪ, ಅದಕ್ಕೆ ಬಾಯಿಲ್ಲ. ಇವತ್ತು ನಾನು ಅದರ ವಕೀಲ ಅಂದುಕೊಳ್ಳಿ. ನನ್ನ ವಾದ ಚಿಕ್ಕದು. ತಪ್ಪು ಕಾರ್ಬುರೇಟರಿನದೇ ಅಂತ ಗೊತ್ತಾಗುವ ತನಕ ಅದನ್ನು ಬಿಚ್ಚಬೇಡಿ. ಗೊತ್ತಾದ ಮೇಲೆ ಅರೆಬರೆ ಬಿಚ್ಚಬೇಡಿ.

ಈ ಮಾತನ್ನು ಮೈಸೂರಿನಲ್ಲಿ ಆಡುವುದಕ್ಕೆ ಅರ್ಥವಿದೆ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. 1973ರಿಂದ ಗಾಡಿಗಳಿಗೆ ಯೆಜ್ಡಿ ಅಂತ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಯಮಹಾ ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಅಂದರೆ ಇಲ್ಲಿರುವ ಗಾಡಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದಕ್ಕೂ ಮೂವತ್ತರ ಹತ್ತಿರ ವಯಸ್ಸು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕ್‌ಗಳಲ್ಲಿ ಹೆಚ್ಚಿನವಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದುಬಿಟ್ಟಿತು. ಈಗಿನ ಹೊಸ ಜಾವಾ, ಹೊಸ ಯೆಜ್ಡಿಯಲ್ಲೂ ಅದೇ ಇರುವುದು. ಇವತ್ತು ಗ್ಯಾರೇಜಿಗೆ ಸೇರುವ ಹುಡುಗ ಲ್ಯಾಪ್‌ಟಾಪ್ ಚುಚ್ಚಿ ತಪ್ಪು ಎಲ್ಲಿದೆ ಅಂತ ಓದುವುದನ್ನು ಕಲಿಯುತ್ತಾನೆ. ಜೆಟ್ (ಪೆಟ್ರೋಲ್ ಹಾಯುವ ಅಳತೆಯ ತೂತಿರುವ ಹಿತ್ತಾಳೆ ತುಂಡು) ನಂಬರ್ ಓದುವುದನ್ನು ಅವನಿಗೆ ಹೇಳಿಕೊಡುವವರೇ ಕಮ್ಮಿ. ಹಾಗಾಗಿ ಈ ಕೆಲಸ ನಮ್ಮ ಕೈಗೇ ಬರುತ್ತದೆ, ಬೇಕಾದರೂ ಬೇಡವಾದರೂ.

ಕಾರ್ಬುರೇಟರ್ ಏನು ಮಾಡುತ್ತದೆ ಅಂತ ಎರಡು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಇಂಜಿನ್ ಗಾಳಿ ಎಳೆಯುತ್ತದೆ. ಆ ಗಾಳಿ ಕಿರಿದಾದ ದಾರಿಯಲ್ಲಿ ಹಾದುಹೋಗುವಾಗ ಅದರ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಕೆಳಗೆ ಫ್ಲೋಟ್ ಚೇಂಬರಿನಲ್ಲಿರುವ (ಮಟ್ಟ ಕಾಯುವ ತೇಲುಬುರುಡೆ, ಅಂದರೆ ಫ್ಲೋಟ್, ಇರುವ ಬಟ್ಟಲು) ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಒತ್ತಡ ಇದ್ದೇ ಇರುತ್ತದೆ. ಈ ಎರಡು ಒತ್ತಡಗಳ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ಟಿನ ಮೂಲಕ ಮೇಲಕ್ಕೆ ತಳ್ಳುತ್ತದೆ. ಪಂಪ್ ಇಲ್ಲ, ವಿದ್ಯುತ್ ಇಲ್ಲ. ತೂತುಗಳ ಅಳತೆ ಸರಿ ಇರಬೇಕು, ಪೆಟ್ರೋಲಿನ ಮಟ್ಟ ಸರಿ ಇರಬೇಕು, ಗಾಳಿ ಬರಬೇಕಾದ ದಾರಿಯಲ್ಲೇ ಬರಬೇಕು. ಅಷ್ಟಿದ್ದರೆ ಸಾಕು. ಈ ಮೂರರಲ್ಲಿ ಒಂದು ಕೆಟ್ಟರೂ ಗಾಡಿ ಗೊಣಗಲು ಶುರು ಮಾಡುತ್ತದೆ.

ಈಗ ಬೇರೆ ಆರೋಪಿಗಳನ್ನು ನೋಡೋಣ.

ಮೊದಲು ಟ್ಯಾಂಕಿನ ಮುಚ್ಚಳ. ಅದರಲ್ಲಿ ಸಣ್ಣ ಗಾಳಿ ತೂತು ಇರುತ್ತದೆ. ಧೂಳು ತುಂಬಿಯೋ, ಬಣ್ಣ ಹೊಡೆಸುವಾಗಲೋ ಅದು ಮುಚ್ಚಿಹೋಗುತ್ತದೆ. ಆಗ ಗಾಡಿ ನಾಲ್ಕೈದು ಕಿಲೋಮೀಟರ್ ಚೆನ್ನಾಗಿ ಓಡಿ ಸುಮ್ನೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ನಿಂತ ತಕ್ಷಣ ಮುಚ್ಚಳ ತೆಗೆದಾಗ 'ಸುಯ್' ಅಂತ ಗಾಳಿ ಒಳಗೆ ಹೋದರೆ ಕಾಯಿಲೆ ಸಿಕ್ಕಿತು. ಔಷಧಿ ಒಂದು ಸೂಜಿ.

ಆಮೇಲೆ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ಕೆಳಗಿನ ನಲ್ಲಿ. ಪೈಪ್ ಎಳೆದು ಬಾಟಲಿಗೆ ಹಿಡಿಯಿರಿ. ಧಾರೆ ಸಲೀಸಾಗಿ ಬರಬೇಕು, ಸ್ವಲ್ಪ ಹೊತ್ತಾದ ಮೇಲೂ ಸಣ್ಣದಾಗಬಾರದು. ರಿಸರ್ವ್‌ನಲ್ಲೂ ನೋಡಿ, ಯಾಕೆಂದರೆ ಟ್ಯಾಂಕಿನ ತಳದ ತುಕ್ಕೆಲ್ಲ ಬರುವುದು ಅಲ್ಲಿಂದಲೇ. ಇನ್ನೊಂದು ವಿಷಯ. ಕಾರಿಗೆ ಹಾಕುವ ಪೇಪರ್ ಫಿಲ್ಟರ್‌ಗಳನ್ನು ಕೆಲವರು ಪೈಪಿನ ನಡುವೆ ಹಾಕಿರುತ್ತಾರೆ. ಅವು ಪಂಪ್ ಇರುವ ಗಾಡಿಗೆ ಮಾಡಿದವು. ನಮ್ಮಲ್ಲಿ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅಂಥ ಫಿಲ್ಟರ್ ಹಾಕಿದರೆ ಟಾಪ್ ಸ್ಪೀಡಿನಲ್ಲಿ ಗಾಡಿ ಬಾಯಾರಿ ನಿಲ್ಲುತ್ತದೆ.

ಮೂರನೆಯದು ಕರೆಂಟ್. ಜಾವಾಗಳು 6 ವೋಲ್ಟಿನ ಗಾಡಿಗಳು. ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗುತ್ತದೆ. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಸುಟ್ಟಿದೆಯೇ, ಗ್ಯಾಪ್ ಸರಿ ಇದೆಯೇ, ಪ್ಲಗ್ ಕ್ಯಾಪ್ ಒಳಗೆ ಸಡಿಲವಾಗಿದೆಯೇ ನೋಡಿ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಅನ್ನುವ ಆಸಾಮಿ ಬಹಳ ಮೋಸಗಾರ. ತಣ್ಣಗಿದ್ದಾಗ ಸಭ್ಯ. ಬಿಸಿಯಾದ ಮೇಲೆ ಕೈಕೊಡುತ್ತಾನೆ. ಬೆಳಿಗ್ಗೆ ಒಂದೇ ಕಿಕ್‌ಗೆ ಎದ್ದು, ಅರ್ಧ ಗಂಟೆ ಓಡಿ, ಆಮೇಲೆ ಫಟ್ ಫಟ್ ಅಂತ ಬ್ಯಾಕ್‌ಫೈರ್ ಹೊಡೆಯುವ ಜಾವಾಗಳ ಕಾರ್ಬುರೇಟರ್‌ಗಳನ್ನು ಎಷ್ಟೊಂದು ಜನ ವೃಥಾ ಬಿಚ್ಚಿದ್ದಾರೆ! ಪಾಯಿಂಟಿನಲ್ಲಿ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ.

ಟೂ ಸ್ಟ್ರೋಕ್ ಆದರೆ ಸೈಲೆನ್ಸರ್ ಕೂಡ ನೋಡಲೇಬೇಕು. ವರ್ಷಗಟ್ಟಲೆ ಎಣ್ಣೆ ಹೊಗೆ ಕುಡಿದು ಒಳಗೆ ಕಾರ್ಬನ್ ಕಟ್ಟಿರುತ್ತದೆ. ಹೊಗೆ ಹೊರಗೆ ಹೋಗಲಾರದೆ ಗಾಡಿ ಭಾರವಾಗುತ್ತದೆ. ಪೆಟ್ರೋಲ್ ಜಾಸ್ತಿಯಾದ ಹಾಗೆಯೇ ಕಾಣುತ್ತದೆ. ಯೆಜ್ಡಿಯ ಸೈಲೆನ್ಸರಿನಿಂದ ಒಳಗಿನ ಬ್ಯಾಫಲ್ ಎಳೆದು ನೋಡಿ, ನಿಮಗೇ ಗೊತ್ತಾಗುತ್ತದೆ.

ಕೊನೆಗೆ ಕಳ್ಳಗಾಳಿ. ಇದು ನಿಜವಾಗಿ ಅಪಾಯದ್ದು. ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬಿರುಕು ಬಿಟ್ಟರೆ, ಅಥವಾ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದರೆ, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಐಡ್ಲಿಂಗ್ ಏರಿಳಿಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಡಲೇ ಇಳಿಯುವುದಿಲ್ಲ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಹೋಗಿ ಬಿಳಿ ಹೊಗೆ ಬರುತ್ತದೆ, ಗೇರ್‌ಬಾಕ್ಸಿನಲ್ಲಿ ಆಯಿಲ್ ಕಮ್ಮಿಯಾಗುತ್ತಾ ಹೋಗುತ್ತದೆ. ರಬ್ಬರಿನ ಸುತ್ತ ತುಕ್ಕು ಬಿಡಿಸುವ ಸ್ಪ್ರೇ ಸ್ವಲ್ಪ ಹೊಡೆದು ನೋಡಿ. ಇಂಜಿನ್ ಸದ್ದು ಬದಲಾದರೆ ಲೀಕ್ ಅಲ್ಲೇ ಇದೆ. ಸೈಲೆನ್ಸರ್ ಬೆಂಡ್ ಪಕ್ಕದಲ್ಲೇ ಬಿಸಿಯಾಗಿರುತ್ತದೆ, ನೆನಪಿರಲಿ. ಪೆಟ್ರೋಲ್ ಹೊಡೆದು ನೋಡುವ ಸಾಹಸ ಬೇಡ. ಈ ಕಳ್ಳಗಾಳಿ ಇರುವಾಗ ಜೆಟ್ ದೊಡ್ಡದು ಮಾಡಿ ಸರಿದೂಗಿಸುತ್ತೇನೆ ಅನ್ನುವವರು ಕೊನೆಗೆ ಪಿಸ್ಟನ್ ಸೀಜ್ ಮಾಡಿಕೊಳ್ಳುತ್ತಾರೆ.

ಇಷ್ಟೂ ನೋಡಿಯಾಯಿತು, ಎಲ್ಲ ಸರಿ ಇದೆ, ಗಾಡಿ ಇನ್ನೂ ಸರಿ ಇಲ್ಲ. ಈಗ ಕಾರ್ಬುರೇಟರನ್ನು ಕಟಕಟೆಗೆ ಕರೆಯಬಹುದು. ಆದರೆ ಸ್ಪಾನರ್ ಹಿಡಿಯುವ ಮುಂಚೆ ಒಂದು ಪ್ರಶ್ನೆ. ತೊಂದರೆ ಬರುವುದು ಆಕ್ಸಿಲರೇಟರ್ ಎಷ್ಟು ತಿರುಗಿಸಿದಾಗ?

ತುಂಬಾ ಜನ "60ರಲ್ಲಿ ಮಿಸ್ ಹೊಡೆಯುತ್ತದೆ" ಅನ್ನುತ್ತಾರೆ. ಸ್ಪೀಡ್ ಮುಖ್ಯ ಅಲ್ಲ. ಅದೇ 60ರಲ್ಲಿ ಚಾಮುಂಡಿ ಬೆಟ್ಟ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ತೆರೆದಿರುತ್ತದೆ, ಇಳಿಯುವಾಗ ಮುಚ್ಚಿರುತ್ತದೆ. ಕಾರ್ಬುರೇಟರಿಗೆ ಗೊತ್ತಿರುವುದು ಸ್ಲೈಡ್ (ಕೇಬಲ್ ಎಳೆದಾಗ ಮೇಲೆದ್ದು ಗಾಳಿಯ ದಾರಿ ತೆರೆಯುವ ಭಾಗ) ಎಷ್ಟು ಮೇಲೆದ್ದಿದೆ ಅನ್ನುವುದು ಮಾತ್ರ. ಅದಕ್ಕೇ ಹಿಡಿಯ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಮುಚ್ಚಿದ್ದು, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಪೆನ್ನಿನಲ್ಲಿ ಗೆರೆ ಹಾಕಿ. ಆಮೇಲೆ ಖಾಲಿ ರಸ್ತೆಯಲ್ಲಿ ಓಡಿಸಿ.

ಮುಚ್ಚಿದ್ದರಿಂದ ಅರೆಕಾಲಿನವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ ಕೆಲಸ ಮಾಡುತ್ತವೆ. ಅಲ್ಲಿಂದ ಕಾಲಿನವರೆಗೆ ಸ್ಲೈಡಿನ ತಳದಲ್ಲಿ ಓರೆಯಾಗಿ ಕತ್ತರಿಸಿದ ಭಾಗ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ (ಸ್ಲೈಡಿಗೆ ನೇತಾಡುವ ಚೂಪು ಸೂಜಿ) ಮತ್ತು ಅದು ಓಡಾಡುವ ನೀಡಲ್ ಜೆಟ್. ನಾವು ದಿನನಿತ್ಯ ಓಡಿಸುವುದೆಲ್ಲ ಹೆಚ್ಚುಕಮ್ಮಿ ಇಲ್ಲೇ. ಮುಕ್ಕಾಲಿನಿಂದ ಮೇಲೆ ಮೇನ್ ಜೆಟ್. ಒಂದರ ಕೆಲಸ ಇನ್ನೊಂದರ ಮೇಲೆ ಸ್ವಲ್ಪ ಹರಡಿಕೊಂಡಿರುತ್ತದೆ ನಿಜ. ಆದರೂ ಐಡ್ಲಿಂಗ್ ನಿಲ್ಲುತ್ತಿಲ್ಲ ಅಂತ ಮೇನ್ ಜೆಟ್ ಬದಲಿಸುವವರು ಈ ಲೆಕ್ಕ ನೋಡಿದರೆ ದುಡ್ಡು ಉಳಿಯುತ್ತದೆ.

ಎಲ್ಲಿ ಅಂತ ಗೊತ್ತಾಯಿತು. ಪೆಟ್ರೋಲ್ ಜಾಸ್ತಿಯೋ ಕಮ್ಮಿಯೋ ಅನ್ನುವುದು ಆಮೇಲಿನ ಪ್ರಶ್ನೆ. ತೊಂದರೆ ಕೊಡುವ ಜಾಗದಲ್ಲಿ ಓಡಿಸುತ್ತಾ ಪೆಟ್ರೋಲ್ ಕಾಕ್ ಮುಚ್ಚಿ. ಚೇಂಬರ್ ಖಾಲಿಯಾಗುತ್ತಾ ಬಂದಂತೆ ಗಾಡಿ ಒಂದು ಕ್ಷಣ ಹುರುಪಾದರೆ, ಮುಂಚೆ ಪೆಟ್ರೋಲ್ ಜಾಸ್ತಿ ಹೋಗುತ್ತಿತ್ತು ಅಂತ ಅರ್ಥ. ಇದನ್ನು ಟ್ರಾಫಿಕ್‌ನಲ್ಲಿ ಮಾಡಬೇಡಿ. ಪೂರ್ತಿ ತೆರೆದು ಓಡಿಸುವಾಗ ಆಕ್ಸಿಲರೇಟರ್ ಕೊಂಚ ಹಿಂದಕ್ಕೆ ಬಿಟ್ಟರೆ ಗಾಡಿ ಇನ್ನೂ ಜೋರಾಗಿ ಎಳೆಯುತ್ತದೆಯೇ? ಹಾಗಿದ್ದರೆ ಮೇನ್ ಜೆಟ್ ಚಿಕ್ಕದಾಯಿತು. ತಣ್ಣಗಿದ್ದಾಗ ಚೆನ್ನಾಗಿ ಓಡಿ ಬಿಸಿಯಾದ ಮೇಲೆ ಕೆಡುವ ಗಾಡಿಗೆ ಸಾಮಾನ್ಯವಾಗಿ ಪೆಟ್ರೋಲ್ ಜಾಸ್ತಿ. ಬಿಸಿಯಾದ ಮೇಲೆ ಸುಧಾರಿಸುವ ಗಾಡಿಗೆ ಕಮ್ಮಿ.

ಪ್ಲಗ್ ಬಣ್ಣ ನೋಡುವುದು ಎಲ್ಲರಿಗೂ ಗೊತ್ತು. ಕಪ್ಪು ಮಸಿ ಆದರೆ ಪೆಟ್ರೋಲ್ ಜಾಸ್ತಿ, ಬಿಳಿ ಆದರೆ ಕಮ್ಮಿ, ಕಂದು ಆದರೆ ಸರಿ. ಆದರೆ ಆಫೀಸಿನಿಂದ ಮನೆಗೆ ಬಂದು, ಗೇಟಿನ ಹತ್ತಿರ ಐಡ್ಲಿಂಗ್‌ನಲ್ಲಿ ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಿದರೆ ಗೊತ್ತಾಗುವುದು ಐಡ್ಲಿಂಗ್ ಬಣ್ಣ ಮಾತ್ರ. ಅರ್ಧ ತೆರೆದಾಗಿನ ಬಣ್ಣ ಬೇಕಾದರೆ ಅರ್ಧದಲ್ಲೇ ಓಡಿಸುತ್ತಿದ್ದು, ಹಾಗೇ ಇಂಜಿನ್ ಆಫ್ ಮಾಡಿ, ಕ್ಲಚ್ ಹಿಡಿದು ನಿಲ್ಲಿಸಬೇಕು. ಇನ್ನೊಂದು ಮಾತು. ನಮ್ಮ ಹಿರಿಯ ಮೆಕ್ಯಾನಿಕ್‌ಗಳು ಹೇಳುವ ಆ ಗಾಢ ಕಂದು ಬಣ್ಣ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. 2000ನೇ ಇಸವಿ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂತು. ಈಗಿನ ಎಥನಾಲ್ ಪೆಟ್ರೋಲಿನಲ್ಲಿ ಬಣ್ಣ ಇನ್ನೂ ತಿಳಿ. ಹಳೆ ಬಣ್ಣ ಬರಲಿ ಅಂತ ಜೆಟ್ ದೊಡ್ಡದು ಮಾಡುತ್ತಾ ಹೋದರೆ ಪೆಟ್ರೋಲ್ ಸುಮ್ನೆ ಸುರಿದ ಹಾಗೆ.

ಸರಿ, ಈಗ ಬಿಚ್ಚೋಣ.

ಕೆಲಸ ಗಾಳಿಯಾಡುವ ಜಾಗದಲ್ಲಿ ಆಗಲಿ. ಬೀಡಿ ಸಿಗರೇಟ್ ದೂರ. ಕೆಳಗೆ ಬಿಳಿ ಬಟ್ಟೆ ಹಾಸಿ, ಯಾಕೆಂದರೆ ನೀಡಲ್ ಕ್ಲಿಪ್ ಹಾರಿದರೆ ಸಿಗುವುದಿಲ್ಲ. ಕಾರ್ಬುರೇಟರ್ ಹೊರಗೆ ಬಂದ ಮೇಲೆ ಮೊದಲ ಕೆಲಸ, ಚೇಂಬರಿನಲ್ಲಿರುವ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿಯುವುದು. ಚೆಲ್ಲಬೇಡಿ. ಅದು ಬಹಳ ಹೇಳುತ್ತದೆ. ತಳದಲ್ಲಿ ಕೆಂಪು ಪುಡಿ ಇದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ. ಬೇರೆಯಾಗಿ ನಿಂತ ಪದರ ಇದ್ದರೆ ನೀರು ಸೇರಿದೆ. ಚೇಂಬರಿನ ಒಳಗೆ ಬಿಳಿ ಪುಡಿ ಕಟ್ಟಿದ್ದರೆ ಲೋಹವೇ ಕೊರೆಯುತ್ತಿದೆ. ಟ್ಯಾಂಕ್ ತೊಳೆಯದೆ ಕಾರ್ಬುರೇಟರ್ ಮಾತ್ರ ತೊಳೆದರೆ ಮುಂದಿನ ತಿಂಗಳು ಮತ್ತೆ ಇದೇ ಕೆಲಸ.

ಬಿಚ್ಚುತ್ತಾ ಫೋನಿನಲ್ಲಿ ಫೋಟೋ ತೆಗೆಯಿರಿ. ಏರ್ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಅಂತ ಬರೆದುಕೊಳ್ಳಿ. ಬಿಗಿಯಬೇಡಿ. ತುದಿ ಮುರಿದು ಒಳಗೆ ಉಳಿದರೆ ಇಡೀ ಬಾಡಿ ಗುಜರಿಗೆ. ನೀಡಲಿನ ಕ್ಲಿಪ್ ಯಾವ ಗೀರಿನಲ್ಲಿದೆ ಅಂತಲೂ ಬರೆದುಕೊಳ್ಳಿ. ಕ್ಲಿಪ್ ಕೆಳಗಿನ ಗೀರಿಗೆ ಹೋದರೆ ನೀಡಲ್ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿಯಾಗುತ್ತದೆ. ಮಿಕುನಿ ಅನ್ನುವ ಜಪಾನಿ ಕಾರ್ಬುರೇಟರಿನ ಸ್ಕ್ರೂಗಳ ತಲೆ ಜಪಾನಿನ ಅಳತೆಯದು. ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂ ಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ತಲೆ ಸವೆಯುತ್ತದೆ. ಸ್ವಲ್ಪ ಬಿಸಿ ಮಾಡಿ, ಸರಿಯಾಗಿ ಒತ್ತಿ ಹಿಡಿದು ತಿರುಗಿಸಿ.

ತೊಳೆಯುವ ಮುಂಚೆ ರಬ್ಬರ್ ಅನ್ನುವುದೆಲ್ಲ ಹೊರಗೆ ಬರಬೇಕು. ಕಾರ್ಬ್ ಕ್ಲೀನರ್ ಬಿದ್ದರೆ ಓರಿಂಗ್ ಊದಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಇದು ತಮಾಷೆ ಅಲ್ಲ. ಒಂದು ತೂತಿಗೆ ಸ್ಪ್ರೇ ಹೊಡೆದರೆ ಇನ್ನೊಂದು ತೂತಿನಿಂದ ನೇರ ಮುಖಕ್ಕೇ ಬರುತ್ತದೆ. ಹಾಗೆ ಬರಬೇಕು ಕೂಡ. ಗಂಟಲಿನಲ್ಲಿ ಸ್ಲೈಡಿನ ಅಂಚಿನ ಹತ್ತಿರ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಪೈಲಟ್ ದಾರಿಯಲ್ಲಿ ಹೊಡೆದದ್ದು ಅಲ್ಲಿಂದ ಚಿಮ್ಮಬೇಕು. ಚಿಮ್ಮದಿದ್ದರೆ ಕೆಲಸ ಮುಗಿದಿಲ್ಲ. ಸ್ಪ್ರೇ ಆದ ಮೇಲೆ ಗಾಳಿ ಹೊಡೆಯಿರಿ. ಪಂಕ್ಚರ್ ಅಂಗಡಿಯ ಗಾಳಿಯೇ ಸಾಕು.

ಪೈಲಟ್ ಜೆಟ್ಟಿನ ತೂತು ಕೂದಲಷ್ಟೇ ಸಣ್ಣ. ಬೆಳಕಿಗೆ ಹಿಡಿದು ನೋಡಿ. ದುಂಡಗೆ, ಚೊಕ್ಕವಾಗಿ ಬೆಳಕು ಕಾಣಬೇಕು. ಕಟ್ಟಿದ್ದರೆ ರಾತ್ರಿಯಿಡೀ ಕ್ಲೀನರಿನಲ್ಲಿ ನೆನೆಹಾಕಿ. ಆಗಲೂ ಬಿಡದಿದ್ದರೆ ಮೀನು ಹಿಡಿಯುವ ನೈಲಾನ್ ದಾರ, ಅಥವಾ ವೈರಿನ ಒಂದೇ ಒಂದು ತಾಮ್ರದ ಎಳೆ. ಉಕ್ಕಿನ ತಂತಿ, ಸೂಜಿ, ಸೇಫ್ಟಿ ಪಿನ್ ಮುಟ್ಟಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಜೆಟ್ಟಿನ ಮೇಲಿನ ನಂಬರಿಗೆ ಬೆಲೆ ಇಲ್ಲ.

ಹಿತ್ತಾಳೆ ಅಂದಮೇಲೆ ಹುಣಸೆಹಣ್ಣು ನೆನಪಾಗುವುದು ಸಹಜ. ನಿಂಬೆರಸದಲ್ಲಿ ಕಾರ್ಬುರೇಟರ್ ಕುದಿಸುವ ವಿಡಿಯೋಗಳೂ ಓಡಾಡುತ್ತಿವೆ. ಬರೀ ಹಿತ್ತಾಳೆ ಜೆಟ್‌ಗೆ ಹುಳಿ ತೊಂದರೆ ಮಾಡುವುದಿಲ್ಲ, ಬೇಗ ತೊಳೆದರೆ ಸಾಕು. ಬಾಡಿ ಮಾತ್ರ ಬೇರೆ. ಅದು ಹೆಚ್ಚಾಗಿ ಸತುವಿನ ಮಿಶ್ರಲೋಹ. ಹುಳಿಗೆ ಅದು ಕರಗುತ್ತದೆ, ಮೈಯೆಲ್ಲ ಕಪ್ಪಾಗಿ ಒರಟಾಗುತ್ತದೆ. ಬೇಡ.

ಹಳೆ ಜಿಕೋವ್ ಕಾರ್ಬುರೇಟರಿನ ಹಿತ್ತಾಳೆ ಫ್ಲೋಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಜಾವಾದವರಿಗೆ ಇದು ಬರುವ ತೊಂದರೆಯೇ. ಪೆಟ್ರೋಲ್ ಓವರ್‌ಫ್ಲೋ ಆಗುತ್ತಿದೆ, ಫ್ಲೋಟ್ ನೀಡಲ್ (ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ಸೂಜಿ) ಹೊಸದು ಹಾಕಿದರೂ ನಿಲ್ಲುತ್ತಿಲ್ಲ ಅನ್ನುತ್ತಾರೆ. ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ಅದು ತೂತಾಗಿ ಪೆಟ್ರೋಲ್ ಕುಡಿದಿದೆ. ತೇಲುವುದಿಲ್ಲ, ಮುಚ್ಚುವುದಿಲ್ಲ. ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಲೆಯ ಮೇಲೆ ಅಲ್ಲ, ಬಿಸಿನೀರು ಪಾತ್ರೆಗೆ ಹಾಕಿಕೊಂಡು ಹೊರಗೆ ಬನ್ನಿ. ಒಳಗಿನ ಗಾಳಿ ಹಿಗ್ಗಿ ತೂತಿನಿಂದ ಗುಳ್ಳೆ ಏಳುತ್ತದೆ. ಜಾಗಕ್ಕೆ ಗುರುತು ಹಾಕಿ. ಒಳಗಿನ ಪೆಟ್ರೋಲ್ ಪೂರ್ತಿ ಆವಿಯಾಗುವ ತನಕ ಬಿಸಿನೀರಿಗೆ ಹಾಕಿ ತೆಗೆಯುತ್ತಾ, ಒಂದೆರಡು ದಿನ ಬಿಸಿಲಿಗಿಡಿ. ಪೆಟ್ರೋಲ್ ಇರುವಾಗ ಬೆಸುಗೆ ಹಾಕಿದರೆ ಅದು ಸಣ್ಣ ಬಾಂಬ್. ಆಮೇಲೆ ಸೋಲ್ಡರಿಂಗ್ ಐರನ್‌ನಿಂದ, ಆದಷ್ಟು ಕಮ್ಮಿ ಸೀಸ ಹಾಕಿ ಮುಚ್ಚಿ. ಬೆಂಕಿಯ ಜ್ವಾಲೆ ಬೇಡ. ಬೆಸುಗೆ ದಪ್ಪಗಾದರೆ ಫ್ಲೋಟ್ ಭಾರವಾಗಿ ಕೆಳಗೆ ಕೂರುತ್ತದೆ, ಪೆಟ್ರೋಲ್ ಮಟ್ಟ ಮೇಲೇರುತ್ತದೆ. ಮತ್ತೆ ಬಿಸಿನೀರಿಗೆ ಹಾಕಿ ನೋಡಿ. ಗುಳ್ಳೆ ಇಲ್ಲದಿದ್ದರೆ ಗೆದ್ದಿರಿ.

ಫ್ಲೋಟ್ ನೀಡಲ್ಲಿನ ತುದಿಯಲ್ಲಿ ಉಗುರು ಆಡಿಸಿ. ಸುತ್ತ ಗೀರು ಸಿಕ್ಕರೆ ಬದಲಿಸಿ. ಪೆಟ್ರೋಲಿನ ಮಟ್ಟ ಎಲ್ಲದಕ್ಕೂ ಬುನಾದಿ. ಅದು ತಪ್ಪಿದ್ದರೆ ಯಾವ ಜೆಟ್ ಹಾಕಿದರೂ ಲೆಕ್ಕ ಸೇರುವುದಿಲ್ಲ. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಕೊಟ್ಟ ಅಳತೆಯನ್ನೇ ನಂಬಿ, ಪಕ್ಕದ ಮನೆಯವನ ಗಾಡಿಯದ್ದನ್ನಲ್ಲ.

ಸವೆತದ ವಿಷಯದಲ್ಲಿ ನನ್ನದೊಂದು ಹಟ ಇದೆ. ಮಾರ್ಕೆಟ್ಟಿನಲ್ಲಿ 'ಕಾರ್ಬುರೇಟರ್ ಕಿಟ್' ಅಂತ ಕವರ್ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಅಗ್ಗದ್ದು, ತುಟ್ಟಿಯದ್ದು ಎಲ್ಲ ತೋರಿಸುತ್ತಾರೆ. ಗ್ಯಾಸ್ಕೆಟ್, ಓರಿಂಗ್, ಫ್ಲೋಟ್ ನೀಡಲ್ ಅದರಿಂದ ಹಾಕಿ. ಜೆಟ್‌ಗಳನ್ನು ಮಾತ್ರ ಕಣ್ಣುಮುಚ್ಚಿ ಬದಲಿಸಬೇಡಿ. ಅಗ್ಗದ ಕಿಟ್‌ಗಳಲ್ಲಿ ಜೆಟ್ ಮೇಲೆ ಹೊಡೆದ ನಂಬರಿಗೂ ಒಳಗಿನ ತೂತಿಗೂ ಸಂಬಂಧ ಇರುವುದಿಲ್ಲ. ನಿಮ್ಮ ಹಳೆ ಮೂಲ ಜೆಟ್ ಮೂವತ್ತು ವರ್ಷ ಕಂಡಿದ್ದರೂ, ಯಾರೂ ಸೂಜಿ ಚುಚ್ಚಿಲ್ಲದಿದ್ದರೆ, ಅದೇ ವಾಸಿ. ಮೇನ್ ಜೆಟ್ಟಿನೊಳಗೆ ಏನೂ ಉಜ್ಜಾಡುವುದಿಲ್ಲ, ಅದು ಸುಲಭಕ್ಕೆ ಸವೆಯುವುದಿಲ್ಲ. ಸವೆಯುವುದು ನೀಡಲ್ ಜೆಟ್. ಅದರೊಳಗೆ ನೀಡಲ್ ಸದಾ ನಡುಗುತ್ತಾ ಒಂದು ಬದಿಯನ್ನು ತಿನ್ನುತ್ತಿರುತ್ತದೆ. ತೂತು ಮೊಟ್ಟೆಯಾಕಾರ ಆಗುತ್ತದೆ. ಮೈಲೇಜ್ ನಿಧಾನಕ್ಕೆ ಇಳಿಯುತ್ತಾ ಬಂದು, ಅರ್ಧ ಆಕ್ಸಿಲರೇಟರಿನಲ್ಲಿ ಗಾಡಿ ಗುರ್ ಗುರ್ ಅಂದರೆ ಅದನ್ನು ನೋಡಿ. ನೀಡಲ್ ಮತ್ತು ನೀಡಲ್ ಜೆಟ್ ಎರಡನ್ನೂ ಜೊತೆಯಲ್ಲೇ ಬದಲಿಸಬೇಕು.

ಸ್ಲೈಡ್ ಸವೆತ ಇನ್ನೂ ಕಷ್ಟದ್ದು. ಸ್ಲೈಡನ್ನು ಒಳಗಿಟ್ಟು ಬೆರಳಿನಿಂದ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ. ಬದಿಯಿಂದ ಗಾಳಿ ನುಸುಳುತ್ತದೆ, ಐಡ್ಲಿಂಗ್ ಏನು ಮಾಡಿದರೂ ಕೂರುವುದಿಲ್ಲ. ಹೊಸ ಸ್ಲೈಡ್ ಹಾಕಿದರೂ ಬಾಡಿಯೇ ಸವೆದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೇ. ಫ್ಲೇಂಜ್ ಇರುವ ಕಾರ್ಬುರೇಟರ್ ಆದರೆ ಇನ್ನೊಂದು ತೊಂದರೆ. ಯಾರೋ ಬಲ ತೋರಿಸಿ ನಟ್ ಬಿಗಿದು ಎರಡು ಕಿವಿಗಳನ್ನೂ ಬಗ್ಗಿಸಿರುತ್ತಾರೆ. ಗಾಜಿನ ಮೇಲೆ ಸಣ್ಣ ಎಮರಿ ಪೇಪರ್ ಹಾಸಿ, ಫ್ಲೇಂಜನ್ನು ಮೆಲ್ಲಗೆ ಉಜ್ಜಿ ಸಮ ಮಾಡಿ. ಆಮೇಲೆ ಎರಡು ನಟ್‌ಗಳನ್ನೂ ಒಂದಾದಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಜೋಡಿಸುವಾಗ ಸ್ಲೈಡಿನ ಓರೆ ಕತ್ತರಿಸಿದ ಭಾಗ ಏರ್ ಫಿಲ್ಟರ್ ಕಡೆ ಬರಬೇಕು. ತಿರುಗುಮುರುಗಾದರೆ ಮೊದಲ ಕಿಕ್‌ಗೇ ಇಂಜಿನ್ ಚೀರಾಡುತ್ತದೆ. ಆರ್‌ಎಕ್ಸ್ 100ನವರು ಗಮನಿಸಿ. ನಿಮ್ಮ ಗಾಡಿಯಲ್ಲಿ ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಪಂಪ್ ಕೂಡ ಆಕ್ಸಿಲರೇಟರ್ ಕೇಬಲ್ಲಿನಿಂದಲೇ ಕೆಲಸ ಮಾಡುತ್ತದೆ. ಕಾರ್ಬುರೇಟರ್ ಕೇಬಲ್ ಹೊಂದಿಸಿ ಪಂಪ್ ಕೇಬಲ್ ಮರೆತರೆ ಆಯಿಲ್ ಕಮ್ಮಿ ಹೋಗಬಹುದು. ಪಂಪಿನ ಗುರುತು ಹೊಂದಿಸಿಯೇ ಗಾಡಿ ಓಡಿಸಿ.

ಟ್ಯೂನಿಂಗ್ ಇಂಜಿನ್ ಬಿಸಿಯಾದ ಮೇಲೆಯೇ. ಏರ್ ಸ್ಕ್ರೂ ನಿಧಾನಕ್ಕೆ ಒಳಗೆ ಹೊರಗೆ ತಿರುಗಿಸುತ್ತಾ ಸದ್ದು ಎಲ್ಲಿ ಏರುತ್ತದೋ ಅಲ್ಲಿ ಬಿಡಿ. ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ಇಳಿಸಿ. ಸ್ಕ್ರೂ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯದ್ದು, ಹೊರಗೆ ತಿರುಗಿಸಿದಷ್ಟೂ ಪೆಟ್ರೋಲ್ ಕಮ್ಮಿ. ಇಂಜಿನ್ ಕಡೆ ಇದ್ದರೆ ಪೆಟ್ರೋಲಿನದು, ಲೆಕ್ಕ ಉಲ್ಟಾ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಬರೆದಿಡಿ.

ಇನ್ನು ಎಥನಾಲ್. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿಯವರು ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ನಮ್ಮ ಗಾಡಿಗಳು ಹುಟ್ಟಿದಾಗ ಇದು ಯಾರ ಕನಸಿನಲ್ಲೂ ಇರಲಿಲ್ಲ. ಅಪ್ಪಟ ಪೆಟ್ರೋಲ್ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಶೇಕಡಾ 9ರಷ್ಟು ಜಾಸ್ತಿ ಪೆಟ್ರೋಲ್ ಹೋಗಬೇಕು. ಇಂಜೆಕ್ಷನ್ ಗಾಡಿ ತಾನೇ ಸರಿಮಾಡಿಕೊಳ್ಳುತ್ತದೆ. ಜೆಟ್ಟಿಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಮುಂಚೆ ಸರಿಯಾಗಿದ್ದ ಗಾಡಿ ಈಗ ತುಸು ಬಿಸಿ, ತುಸು ಬಡಕಲು (ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ). ನೀಡಲ್ ಕ್ಲಿಪ್ ಒಂದು ಗೀರು ಇಳಿಸುವುದು, ಮೇನ್ ಜೆಟ್ ಒಂದೆರಡು ಸೈಜ್ ಏರಿಸುವುದು ಸಾಮಾನ್ಯವಾಗಿ ಸಾಕಾಗುತ್ತದೆ. ಪ್ಲಗ್ ನೋಡಿಯೇ ಮಾಡಿ. ಹಳೆ ರಬ್ಬರ್ ಪೈಪ್, ಓರಿಂಗ್‌ಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಜಾಸ್ತಿ ನೀರು ಸೇರಿದರೆ ನೀರು, ಎಥನಾಲ್ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಕಾಕ್ ಇರುವುದೂ ತಳದಲ್ಲೇ ಅಲ್ವಾ!

ಘಾಟಿಯ ವಿಷಯ ಹೇಳದಿದ್ದರೆ ಮಲೆನಾಡಿನವರು ಬೇಜಾರು ಮಾಡಿಕೊಳ್ಳುತ್ತಾರೆ. ಮಂಗಳೂರಿನ ಕಡಲ ಮಟ್ಟದಲ್ಲಿ ಟ್ಯೂನ್ ಮಾಡಿದ ಗಾಡಿ 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಗೆ ಹೋದರೆ ಗಾಳಿ ತೆಳು, ಪೆಟ್ರೋಲ್ ಜಾಸ್ತಿ ಅನ್ನಿಸಿ ಉಬ್ಬಸಪಡುತ್ತದೆ. ಅದಕ್ಕೆ ಅಲ್ಲೇ ಸ್ಕ್ರೂ ತಿರುಗಿಸಬೇಡಿ. ಇಳಿದ ಮೇಲೆ ಬಡಕಲಾಗುತ್ತದೆ. ಜಾವಾ, ಯೆಜ್ಡಿಯವರಿಗೆ ಇಳಿಜಾರಿನಲ್ಲಿ ಇನ್ನೊಂದು ಎಚ್ಚರಿಕೆ. ನಿಮ್ಮ ಇಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಸಕಲೇಶಪುರದಿಂದ ಶಿರಾಡಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಟ್ಟರೆ, ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಹೋಗುತ್ತಿರುವುದಿಲ್ಲ. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇಳಿಯಿರಿ.

ಪ್ರಶ್ನೆಗಳು ಬಂದವು, ಕೆಲವನ್ನು ಇಲ್ಲಿ ಕೊಟ್ಟಿದ್ದೇನೆ.

"ಬೆಳಿಗ್ಗೆ ಚೋಕ್ ಎಳೆದು ಆಕ್ಸಿಲರೇಟರ್ ಕೊಟ್ಟು ಕಿಕ್ ಹೊಡೆದರೂ ನಮ್ಮ ಆರ್‌ಎಕ್ಸ್ ಏಳುವುದಿಲ್ಲ, ಯಾಕೆ ಸಾರ್?" ಅಂತ ಒಬ್ಬರು ಕೇಳಿದರು. ಆಕ್ಸಿಲರೇಟರ್ ಕೊಡುವುದರಿಂದಲೇ. ಅದರ ಚೋಕ್ ಗಾಳಿ ಮುಚ್ಚುವ ಪಟ್ಟಿ ಅಲ್ಲ. ಜಾಸ್ತಿ ಪೆಟ್ರೋಲ್ ಬಿಡುವ ಬೇರೆಯೇ ಒಂದು ದಾರಿ. ಸ್ಲೈಡ್ ಮುಚ್ಚಿದ್ದಾಗ ಮಾತ್ರ ಆ ದಾರಿಗೆ ಸರಿಯಾದ ಎಳೆತ ಸಿಗುತ್ತದೆ. ಹಿಡಿ ಮುಟ್ಟದೆ ಕಿಕ್ ಹೊಡೆಯಿರಿ.

"ಎಣ್ಣೆ ಸ್ವಲ್ಪ ಜಾಸ್ತಿ ಬೆರೆಸಿದರೆ ಇಂಜಿನ್ನಿಗೆ ಒಳ್ಳೆಯದಲ್ವಾ?" ಇದು ಯೆಜ್ಡಿಯ ಅಣ್ಣನ ಪ್ರಶ್ನೆ. ಒಂದು ಲೀಟರಿಗೆ 40 ಮಿಲಿ ಹಾಕಿದರೆ 25ಕ್ಕೆ 1 ಆಯಿತು. ಅದನ್ನು 60 ಮಾಡಿದರೆ ಜೆಟ್ಟಿನಲ್ಲಿ ಹೋಗುವುದು ಎಣ್ಣೆ ಜಾಸ್ತಿ, ಪೆಟ್ರೋಲ್ ಕಮ್ಮಿ. ಮಿಶ್ರಣವೂ ಗಟ್ಟಿಯಾಗಿ ನಿಧಾನಕ್ಕೆ ಹರಿಯುತ್ತದೆ. ಅಂದರೆ ಉರಿಯುವ ವಿಷಯದಲ್ಲಿ ಗಾಡಿ ಬಡಕಲಾಯಿತು. ಪ್ಲಗ್ ಮಾತ್ರ ಕಪ್ಪಾಗಿ, ಪೆಟ್ರೋಲ್ ಜಾಸ್ತಿ ಅಂತ ನಿಮಗೆ ಸುಳ್ಳು ಹೇಳುತ್ತದೆ. ಅಳತೆಯ ಲೋಟ ಇಟ್ಟುಕೊಳ್ಳಿ.

"ಜಿಕೋವ್ ತೆಗೆದು ಮಿಕುನಿ ಹಾಕಿಸಲೇ?" ಬಾಡಿ ಪೂರ್ತಿ ಸವೆದಿದ್ದರೆ ಹಾಕಿಸಿ, ತಪ್ಪೇನಿಲ್ಲ. ಆದರೆ ಗಂಟಲಿನ ಅಳತೆ ನಿಮ್ಮ 250 ಸಿಸಿಗೆ ಹೊಂದಬೇಕು. 100 ಸಿಸಿಯದ್ದು ತಂದು ಕೂರಿಸಿದರೆ ಗಾಡಿ ಓಡುತ್ತದೆ, ಎಳೆಯುವುದಿಲ್ಲ. ಜೆಟ್, ನೀಡಲ್ ಎಲ್ಲ ಮೊದಲಿನಿಂದ ಹುಡುಕಬೇಕು, ಅದಕ್ಕೆ ಒಂದೆರಡು ಭಾನುವಾರ ಎತ್ತಿಡಿ. ಹಳೆಯದನ್ನು ಗುಜರಿಗೆ ಹಾಕಬೇಡಿ, ಎಣ್ಣೆ ಸವರಿ ಕಟ್ಟಿಡಿ.

ಕೊನೆಯದು ಮಡಿಕೇರಿಯ ಒಬ್ಬರದು. ಮಳೆಗಾಲ ಪೂರ್ತಿ ಗಾಡಿ ಶೆಡ್ಡಿನಲ್ಲೇ ಇರುತ್ತದೆ, ಏನು ಮಾಡಲಿ ಅಂದರು. ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವ ತನಕ ಓಡಲಿ. ಆಮೇಲೂ ಚೇಂಬರಿನ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ, ಅದನ್ನೂ ಬಿಚ್ಚಿ ಸುರಿಯಿರಿ. ಪೈಲಟ್ ಜೆಟ್ ಕಟ್ಟುವುದು ಆ ಉಳಿದ ಚೂರು ಒಣಗಿ ಅಂಟಾಗಿಯೇ. ಕಬ್ಬಿಣದ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ. ಒಂದೋ ಪೂರ್ತಿ ತುಂಬಿಸಿ, ಇಲ್ಲ ಪೂರ್ತಿ ಬಸಿದು, ಒಣಗಿಸಿ, ಒಳಗೆ ಟೂಟಿ ಆಯಿಲ್ ಸವರಿಬಿಡಿ. ಮೂರು ತಿಂಗಳಾದರೆ ಬಸಿಯುವುದೇ ಒಳ್ಳೆಯದು, ಈಗಿನ ಪೆಟ್ರೋಲ್ ಅಷ್ಟು ದಿನ ಇಡುವಂಥದ್ದಲ್ಲ. ಬಸಿದದ್ದನ್ನು ಹಳೆಯದಾಗುವ ಮುಂಚೆ ಬೇರೆ ಟೂ ಸ್ಟ್ರೋಕ್ ಗಾಡಿಗೆ ಹಾಕಿ ಖಾಲಿ ಮಾಡಿ.